ಗಿರಿಜಳ ಕಾರಿಗೆ ಮರಿಸ್ವಾಮಿ ಇಟ್ಟ ಹಲಗೆ

ಹತ್ತಿರ ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ. ನಾನು ಹೇಳ್ತಾ ಹೋಗ್ತೀನಿ, ನೀವು ಹೂಂ ಅಂತಿರಬೇಕು. ನಿಮ್ಮ ಹೂಂ ನಿಂತರೆ ನನ್ನ ಬಾಯೂ ನಿಲ್ಲುತ್ತೆ, ಆಮೇಲೆ ನನ್ನನ್ನ ಬೈಬೇಡಿ.

ನಮ್ಮ ಗಾಣಿಗರ ಬೀದೀಲಿ, ನಮ್ಮ ಎದುರು ಮನೇಲಿ, ನಿಂಗಾಜಮ್ಮ ಅಂತ ಒಬ್ಬಳು. ಮನೆ ಮುಂದೇನೇ ಇಡ್ಲಿ ಅಂಗಡಿ. ಗಂಡ ಇಲ್ಲ. ಒಬ್ಬ ಮಗ, ಒಬ್ಬಳು ಮಗಳು. ಮಗಳು ಗಿರಿಜ ಜಾಣೆ. ಮಗ ಮರಿಸ್ವಾಮಿ... ಹೇಗೆ ಹೇಳಲಿ? ಇಪ್ಪತ್ತಾರು ವರ್ಷ, ಹುರಿ ಮೀಸೆ, ಅಕ್ಕಿ ಮೂಟೆ ಒಂದೇ ಕೈಯಲ್ಲಿ ಎತ್ತೋ ತೋಳು. ಮೇಲ್ಗಡೆ ಮಾತ್ರ ಖಾಲಿ. ಸೋಮಾರಿಯಲ್ಲ, ಸುಳ್ಳುಗಾರನಲ್ಲ, ಹೇಳಿದ ಮಾತು ಮೀರೋನಲ್ಲ. ಅದೇ ಬಂದಿರೋದು ತೊಂದರೆ! ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ. ಒಂದು ಸಲ ನಿಂಗಾಜಮ್ಮ, "ಹಾಲಿನ ಮೇಲೆ ಕಣ್ಣಿಟ್ಟಿರ್ಲಾ" ಅಂದಳು. ಇಟ್ಟ. ಹಾಲು ಉಕ್ಕಿತು, ಸುರಿಯಿತು, ಒಲೆ ಆರಿತು. ಇವನು ಕಣ್ಣು ಮಿಟುಕಿಸಲಿಲ್ಲ.

"ಯಾಕ್ಲಾ ಇಳಿಸಲಿಲ್ಲ?"

"ಇಳಿಸು ಅಂತ ನೀನು ಹೇಳ್ಲಿಲ್ವಲ್ಲವ್ವ!"

"ಅಯ್ಯೋ ನನ್ನ ಕರ್ಮವೇ!" ಅಂತ ಅವಳು ಹಣೆ ಚಚ್ಚಿಕೊಂಡಳು. ದಿನಕ್ಕೆ ನಾಲ್ಕು ಸಲ ಚಚ್ಚಿಕೊಳ್ತಿದ್ದಳು, ಪಾಪ. ಎದುರು ಜಗಲೀಲಿ ಕೂತು ಎಣಿಸ್ತಿದ್ದೋಳು ನಾನೇ.

ಗಿರಿಜ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳ ಗಂಡ ಲಾರಿ ಡ್ರೈವರ್. ಅವಳನ್ನ ತನ್ನ ಕಾರಲ್ಲಿ ತಂದು ಬಿಟ್ಟ, ಅವಸರಕ್ಕೆ ಇರಲಿ ಅಂತ ಕಾರನ್ನ ಅತ್ತೆ ಮನೆ ಅಂಗಳದಲ್ಲೇ ನಿಲ್ಲಿಸಿ, ಲೋಡು ಹಾಕ್ಕೊಂಡು ಗುಜರಾತ್ ಕಡೆ ಹೋದ. ಹಳೇ ಕಾರು, ತಗ್ಗು ಕಾರು. ಎಷ್ಟು ತಗ್ಗು ಅಂದರೆ ಅದರ ಅಡೀಲಿ ಬೆಕ್ಕು ಕೂಡ ಬಗ್ಗಿ ಹೋಗಬೇಕು.

ಆಸ್ಪತ್ರೇಲಿ ಡಾಕ್ಟರಮ್ಮ ಗಿರಿಜಳ ಹೊಟ್ಟೆ ಮುಟ್ಟಿ ನೋಡಿದರು. ಮುಖ ಚಿಕ್ಕದು ಮಾಡಿಕೊಂಡರು. "ಮಗು ಅಡ್ಡ ತಿರುಗಿದೆ. ನೋವು ಶುರುವಾದ ಒಂದು ಗಂಟೆ ಒಳಗೆ ಇಲ್ಲಿರಬೇಕು. ಆಟೋಲಿ ಕೂರಿಸಿ ಕುಲುಕಿಸ್ಕೊಂಡು ಬರಬೇಡಿ, ಮಲಗಿಸ್ಕೊಂಡು ಬನ್ನಿ. ತಡ ಆದ್ರೆ ಇಬ್ಬರಲ್ಲಿ ಒಬ್ಬರು..." ಅಂದು ಅಲ್ಲಿಗೇ ನಿಲ್ಲಿಸಿದರು. ನಿಂಗಾಜಮ್ಮನ ಎದೆ ಅವತ್ತೇ ಒಡೆಯಿತು. ಆಂಬುಲೆನ್ಸ್ ಕರೆಯೋಣ ಅಂದರೆ ಅದು ಬರೋಕೆ ಮುಕ್ಕಾಲು ಗಂಟೆ, ಹೋಗೋಕೆ ಮುಕ್ಕಾಲು ಗಂಟೆ. ಬೀದೀಲಿ ಮಲಗಿಸಿಕೊಂಡು ಹೋಗೋ ಅಂಥ ಗಾಡಿ ಅಂದರೆ ಆ ತಗ್ಗು ಕಾರು ಒಂದೇ.

ಸರಿ, ಕಾರಿದೆಯಲ್ಲ ಅಂತ ಧೈರ್ಯವಾಗಿದ್ದರು. ಅಷ್ಟರಲ್ಲಿ ರಸ್ತೆ ಮಾಡೋರು ಬಂದರು. ಬೀದಿ ಅಗೆದರು, ತಗ್ಗು ಮಾಡಿದರು, ಸಿಮೆಂಟು ಹಾಕಿದರು, ಮನೆಗಳ ಮುಂದೆ ಉದ್ದಕ್ಕೂ ಅಂಚುಗಲ್ಲು ನೆಟ್ಟು ಹೋದರು. ಕಾರು ಮಾತ್ರ ಒಳಗೇ ಉಳೀತು! ಅಂಗಳ ಮೇಲೆ, ಬೀದಿ ಒಂದು ಗೇಣು ಕೆಳಗೆ. ಪಕ್ಕದ ಮನೆ ಜವರಪ್ಪ ಮೂವತ್ತು ವರ್ಷ ಬಸ್ಸು ಓಡಿಸಿ ರಿಟೈರ್ ಆದೋರು, ಹೊತ್ತು ಬಂದರೆ ಕಾರು ಓಡಿಸ್ತೀನಿ ಅಂತ ಮಾತು ಕೊಟ್ಟಿದ್ದೋರು. ಅವರು ಕೂತು ಕಾರು ಮುಂದಕ್ಕೆ ಬಿಟ್ಟರು. ಮುಂದಿನ ಚಕ್ರ ಧಡ್ ಅಂತ ಕೆಳಕ್ಕೆ ಬಿತ್ತು, ಕಾರಿನ ಹೊಟ್ಟೆ ಕಲ್ಲಿನ ಮೇಲೆ ಕರ್ರ್ ಅಂತ ಕೂತಿತು. ಎಂಟು ಜನ ಸೇರಿ ಎತ್ತಿ ಹಿಂದಕ್ಕೆ ದಬ್ಬಿದೆವು.

"ಇನ್ನೊಂದು ಸಲ ಹಿಂಗೆ ಕೂತ್ರೆ ಅಡೀಲಿರೋ ಎಣ್ಣೆ ತೊಟ್ಟಿ ಒಡೆದೋಯ್ತದೆ. ಗಾಡಿ ಅಲ್ಲೇ ಸತ್ತಂಗೆ" ಅಂದರು ಜವರಪ್ಪ. "ಕಲ್ಲು ಕೀಳಂಗಿಲ್ಲ, ಸರ್ಕಾರದ್ದು. ಕಲ್ಲಿಂದ ಬೀದಿಗೆ ಹಲಗೆ ಇಳಿಬಿಟ್ಟು ದಾರಿ ಮಾಡಬೇಕು. ಉದ್ದಕ್ಕಿರಬೇಕು, ಸಣ್ಣ ಇಳಿಜಾರಿರಬೇಕು, ಹೊಟ್ಟೆ ತಾಗಬಾರದು."

ಡಾಕ್ಟರಮ್ಮ ಹೆರಿಗೆಗೆ ಹೇಳಿದ ದಿನಕ್ಕೆ ಇನ್ನು ಐದೇ ದಿನ. ಒಳಗೆ ಗಿರಿಜ ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ಮಲಗಿದ್ದಳು.

"ನಾನು ಮಾಡ್ತೀನಿ! ನನ್ನ ತಂಗಿ ಕಾರಿಗೆ ನಾನೇ ಮಾಡ್ತೀನಿ!" ಅಂತ ಮರಿಸ್ವಾಮಿ ಕುಣಿದ.

ಜವರಪ್ಪ ಬಿಡಿಸಿ ಬಿಡಿಸಿ ಹೇಳಿದರು. "ನೋಡ್ಲಾ. ಅಂಗಡಿ ಬೆಂಚಿನ ಎರಡು ಹಲಗೆ ಬಿಚ್ಕೊ. ಕಾರಿನ ಒಂದು ಚಕ್ರದಿಂದ ಇನ್ನೊಂದು ಚಕ್ರಕ್ಕೆ ಎಷ್ಟು ದೂರ ಅಂತ ಅಳ್ಕೊ. ಅಷ್ಟೇ ದೂರ ಬಿಟ್ಟು ಹಲಗೆ ಮಡಗು. ಆಯ್ತಾ?"

"ಆಯ್ತು!"

ಬಿಚ್ಚಿದ. ಇಡ್ಲಿಗೆ ಬಂದೋರೆಲ್ಲ ನಿಂತು ತಿಂದರು. ಹಗ್ಗ ಹಿಡಿದು ಅಳೆದ. ಎಲ್ಲಿಂದ ಎಲ್ಲಿಗೆ ಅಳೆದ ಅಂತೀರಾ? ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ! ಒಂದು ಹಲಗೆ ತಮ್ಮ ಗೇಟಿನ ಮುಂದೆ ಬಂತು. ಇನ್ನೊಂದು ಹಲಗೆ ಗೇಟು ದಾಟಿ, ಕಾಂಪೌಂಡು ದಾಟಿ, ಪಕ್ಕದ ಜವರಪ್ಪನ ಮನೆ ಮೆಟ್ಟಿಲ ಹತ್ತಿರ ಹೋಗಿ ಕೂತಿತು.

ಜವರಪ್ಪ ಹೊರಗೆ ಬಂದವರು ಹಲಗೆ ಎಡವಿ ಮುಗ್ಗರಿಸಿದರು. "ಇದೇನ್ಲಾ ಇಲ್ಲಿ?"

"ಚಕ್ರದಿಂದ ಚಕ್ರಕ್ಕೆ ಅಳೆದೆ ಅಣ್ಣ!"

"ಕಾರೇನು ಏಡಿ ಥರ ಅಡ್ಡಡ್ಡ ಹೋಗ್ತದೇನ್ಲಾ? ಎಡಗಡೆ ಚಕ್ರಕ್ಕೊಂದು, ಬಲಗಡೆ ಚಕ್ರಕ್ಕೊಂದು!"

"ಹಂಗಂತ ಹೇಳ್ಲಿಲ್ವಲ್ಲಣ್ಣ!"

ನಿಂಗಾಜಮ್ಮ ಸೌಟು ಹಿಡಿದು ಬಂದಳು. "ಅಯ್ಯೋ ನನ್ನ ಕರ್ಮವೇ! ಒಂದು ದಿನ ಹೋಯ್ತಲ್ಲೋ!"

ನಾಲ್ಕು ದಿನ ಉಳೀತು.

ಈ ಸಲ ಜವರಪ್ಪ ತಾವೇ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟರು. "ಹಲಗೆ ಇಲ್ಲಿ, ಇಲ್ಲಿ. ಅಲ್ಲಾಡದಂಗೆ ಎರಡಕ್ಕೂ ಅಡ್ಡಪಟ್ಟಿ ಕೊಟ್ಟು ಮೊಳೆ ಹೊಡಿ. ಆದ್ರೆ ಒಂದು ಮಾತು, ನೆಪ್ಪಿಟ್ಕೊ. ಮೊಳೆ ತಲೆ ಮೇಲೆ ಕಾಣಬಾರದು. ಟೈರಿಗೆ ತಾಗ್ತದೆ."

"ತಲೆ ಕಾಣಬಾರದು. ಆಯ್ತು!"

ಇಡೀ ದಿನ ಟಕ್ ಟಕ್ ಟಕ್. ನನ್ನ ಮಧ್ಯಾಹ್ನದ ನಿದ್ದೆ ಹಾಳಾಯ್ತು, ಆದರೂ ಸುಮ್ಮನಿದ್ದೆ, ಬಸುರಿ ಹೆಂಗಸಿನ ಕೆಲಸ ಅಂತ. ಸಂಜೆ ಹೊತ್ತಿಗೆ ಹಲಗೆ ತಯಾರು. ಗೆರೆ ಮೇಲೆ ಗೆರೆ ಕೂತಂತೆ ಕೂತಿದೆ. ನಿಂಗಾಜಮ್ಮನ ಮುಖ ಅರಳಿತು. ಜವರಪ್ಪ ಖುಷಿಯಾಗಿ ಕಾರು ಹತ್ತಿದರು, ನಿಧಾನಕ್ಕೆ ಮುಂದಕ್ಕೆ ಬಿಟ್ಟರು. ಮುಂದಿನ ಎಡಗಡೆ ಚಕ್ರ ಮೊದಲು ಹಲಗೆ ಹತ್ತಿತು.

ಟುಸ್ಸ್!

ಮೊಳೆ ತಲೆ ಒಂದೂ ಕಾಣ್ತಿರಲಿಲ್ಲ, ನಿಜ. ಅಡಿಯಿಂದ ಹೊಡೆದಿದ್ದ! ತಲೆಗಳೆಲ್ಲ ಕೆಳಗೆ, ಚೂಪುಗಳೆಲ್ಲ ಮೇಲೆ, ಹಲಗೆ ತುಂಬಾ ಮುಳ್ಳುಹಂದಿ ಬೆನ್ನು.

"ತಲೆ ಕಾಣಲ್ಲ ನೋಡಣ್ಣ! ಒಂದೂ ಕಾಣಲ್ಲ!" ಅಂತ ಮರಿಸ್ವಾಮಿ ಹಲ್ಲು ಕಿರಿದ.

ಜವರಪ್ಪ ಇಳಿದರು, ಟವೆಲ್ಲು ಹಾಸಿ ಕೂತರು, ಸ್ಟೆಪ್ನಿ ಹಾಕಿದರು. ಹಾಕಿ ಮುಗಿಸಿ ಆಮೇಲೆ ಬೈದರು. ಅದನ್ನೆಲ್ಲ ನಾನಿಲ್ಲಿ ಹೇಳಲ್ಲ, ಮಕ್ಕಳು ಕೂತಿದ್ದಾವೆ. ಕೊನೇಲಿ ಅಂದರು, "ಇನ್ನು ಬೇರೆ ಚಕ್ರ ಇಲ್ಲ ಕಣ್ಲಾ! ಇದು ಹೋದ್ರೆ ನಿನ್ನ ತಂಗಿ ಹೋದಂಗೆ! ಎಲ್ಲಾ ಮೊಳೆ ಕೀಳು. ತಲೆ ಮೇಲೆ ಮಾಡಿ, ಮರದೊಳಕ್ಕೆ ಇಳಿಯೋ ತನಕ ಹೊಡಿ. ಚುಚ್ಚೋದು ಒಂದೂ ಇರಬಾರದು. ಕೈಯಾಡಿಸಿದ್ರೆ ಬೆಣ್ಣೆ ಸವರಿದಂಗಿರಬೇಕು!"

"ಬೆಣ್ಣೆ ಸವರಿದಂಗೆ. ಆಯ್ತು!"

ಒಳಗೆ ಗಿರಿಜ ಗೋಡೆ ಕಡೆ ತಿರುಗಿ ಅಳ್ತಿದ್ದಳು. ಮರಿಸ್ವಾಮಿ ಬಾಗಿಲಲ್ಲಿ ನಿಂತು, "ಅಳಬೇಡ ಗಿರಿಜ, ನಾಳೆ ಬೆಣ್ಣೆ ಥರ ಮಾಡ್ತೀನಿ" ಅಂದ. ಪೆದ್ದನಿಗೂ ತಂಗಿ ಅಂದರೆ ಪ್ರಾಣ. ಮೂರು ದಿನ ಉಳೀತು.

ಮಾರನೇ ದಿನ ಮೊಳೆ ಎಲ್ಲ ಸರಿಯಾಗಿ ಹೊಡೆದ. ನಾನೇ ಹೋಗಿ ನೋಡಿಬಂದೆ, ಒಂದೂ ಚೂಪಿಲ್ಲ. ಅಲ್ಲಿಗೆ ಸುಮ್ಮನಿದ್ದಿದ್ದರೆ ಮನುಷ್ಯ ಅನ್ನಿಸಿಕೊಳ್ತಿದ್ದ. ಒಳಗೆ ಹೋದ, ಅಂಗಡಿಯ ಬೆಣ್ಣೆ ಡಬ್ಬ ತಂದ. ಪೂರ್ತಿ ಡಬ್ಬ! ಎರಡೂ ಹಲಗೆಗೆ ಮೇಲಿಂದ ಕೆಳಗಿನ ತನಕ ಸವರಿದ. ಕೈಯಾಡಿಸಿ ನೋಡಿದ. ಬೆಣ್ಣೆ ಸವರಿದ ಹಾಗೇ ಇತ್ತು!

ಜವರಪ್ಪ ಬಂದರು. ದೂರದಿಂದ ನೋಡಿದರು, ಬಿಸಿಲಿಗೆ ಹಲಗೆ ಹೊಳೀತಾ ಇದೆ. "ಪರವಾಗಿಲ್ಲ ಕಣ್ಲಾ, ಪಾಲಿಶ್ ಮಾಡಿದ್ದೀಯ!" ಅಂತ ಕಾಲಿಟ್ಟರು.

ಇಟ್ಟದ್ದು ಗೊತ್ತು, ಆಮೇಲೆ ಬೀದಿ ಮಧ್ಯ ಕೂತದ್ದು ಗೊತ್ತು. ಕಬ್ಬಿನ ಟ್ರಾಕ್ಟರ್ ಬರ್ತಾ ಇತ್ತು. ನಾನು ಕಣ್ಣು ಮುಚ್ಚಿಕೊಂಡೆ. ಕಿರ್ರ್ ಅಂತ ಬ್ರೇಕು. ಕಣ್ಣು ಬಿಟ್ಟರೆ ಟ್ರಾಕ್ಟರಿನ ಮೂತಿ ಜವರಪ್ಪನ ಮೂಗಿಗೆ ಒಂದು ಮೊಳ ದೂರದಲ್ಲಿ ನಿಂತಿದೆ.

ಎತ್ತಿ ಕೂರಿಸಿದೆವು. ಎಡ ಮೊಣಕಾಲು ಊದಿಕೊಂಡು ತೆಂಗಿನಕಾಯಿ ಆಗಿತ್ತು. ಎಡಗಾಲು ಅಂದರೆ ಕ್ಲಚ್ಚಿನ ಕಾಲು!

"ಅಯ್ಯೋ ನನ್ನ ಕರ್ಮವೇ!" ನಿಂಗಾಜಮ್ಮ ಬೀದೀಲೇ ಕುಸಿದಳು. "ನನ್ನ ಮಗಳನ್ನ ಯಾರು ಕರ್ಕೊಂಡು ಹೋಗೋರು? ಹುಟ್ಟಿದಾಗಲೇ ನಿನ್ನ ಕೊರಳು ಹಿಚುಕಬೇಕಿತ್ತು ಕಣೋ!"

ಕೋಪದಲ್ಲಿ ಅಂದಳು. ಅಂದ ಮೇಲೆ ಸೆರಗು ಬಾಯಿಗೆ ತುರುಕಿಕೊಂಡಳು. ಮರಿಸ್ವಾಮಿ ತನ್ನ ಕೊರಳು ಮುಟ್ಟಿ ನೋಡಿಕೊಂಡ. "ಹೇಳಿದ್ದು ಹಾಗೇ ಅಲ್ವಾ ಅವ್ವ?" ಅಂತ ಮೆಲ್ಲಗೆ ಕೇಳಿದ.

ಜವರಪ್ಪ ಗಟ್ಟಿ ಮನುಷ್ಯ. ಮಾರನೇ ಬೆಳಿಗ್ಗೆ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು, ಕುರ್ಚಿ ಹಾಕಿಕೊಂಡು ಗೇಟಿನಲ್ಲೇ ಕೂತರು. ಬೆಣ್ಣೆಯನ್ನ ಬಿಸಿನೀರು, ಸೀಗೆಪುಡಿ ಹಾಕಿ ಉಜ್ಜಿಸಿದರು. ಹಲಗೆ ಬಗ್ಗಬಾರದು ಅಂತ ಅಡಿಗೆ ಇಟ್ಟಿಗೆ ಇಡಿಸಿದರು, ಸಂದಿಗೆಲ್ಲ ಕೆಸರು ಮಣ್ಣು ಮೆತ್ತಿಸಿದರು. ಒಂದೊಂದು ಇಟ್ಟಿಗೆಗೂ ಬೆರಳು ತೋರಿಸಿ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ದಾರಿ ಆಯ್ತು, ಸೊಗಸಾಗಿ ಆಯ್ತು.

"ನಾಳೆ ಬಿಸಿಲು ಏರೋ ಹೊತ್ತಿಗೆ ಮಣ್ಣು ಗಟ್ಟಿಯಾಯ್ತದೆ. ಅಲ್ಲೀಗಂಟ ಇದರ ಮೇಲೆ ಯಾರನ್ನೂ ಬಿಡಬೇಡ. ಬೈದ್ರೂ ಬಿಡಬೇಡ. ಬೇಡ್ಕೊಂಡ್ರೂ ಬಿಡಬೇಡ. ನಾನೇ ಬಂದು ಬೈದ್ರೂ, ನಾನೇ ಬಂದು ಬೇಡ್ಕೊಂಡ್ರೂ ಬಿಡಬೇಡ! ಗೊತ್ತಾಯ್ತಾ?"

"ಗೊತ್ತಾಯ್ತು!"

ಮರಿಸ್ವಾಮಿ ಕೈ ಎರಡೂ ಅಗಲಿಸಿ ಹಲಗೆ ಮುಂದೆ ನಿಂತ. ಹಾಲಿನವನನ್ನ ಬಿಡಲಿಲ್ಲ. ನಾಯಿ ಬಿಡಲಿಲ್ಲ. ಕೋಳಿ ಬಿಡಲಿಲ್ಲ.

ಮೂರು ಗಂಟೆ ಆಗಿರಬೇಕು. ಒಳಗಿಂದ, "ಅವ್ವಾ!" ಅಂತ ಒಂದು ಕೂಗು.

ಹೂಂ ಅನ್ನಿ! ಯಾಕೆ ಸುಮ್ಮನಾದಿರಿ?

ಎರಡು ದಿನ ಮುಂಚೇನೇ ನೋವು ಬಂದುಬಿಟ್ಟಿತ್ತು. ಗಿರಿಜಳನ್ನ ಹಿಂದಿನ ಸೀಟಲ್ಲಿ ಮಲಗಿಸಿದರು. ನಿಂಗಾಜಮ್ಮ ಅವಳ ತಲೆ ತೊಡೆ ಮೇಲಿಟ್ಟುಕೊಂಡಳು. ಜವರಪ್ಪ ಹಲ್ಲು ಕಚ್ಚಿ, ಊದಿದ ಕಾಲು ಕ್ಲಚ್ಚಿನ ಮೇಲೆ ಇಟ್ಟರು. ಕಾರು ಗೇಟಿಗೆ ಬಂತು. ಎದುರಿಗೆ ಕೈ ಅಗಲಿಸಿ ಮರಿಸ್ವಾಮಿ.

"ಸರಿಯೋ ಮುಠ್ಠಾಳ!"

"ಬೈದ್ರೂ ಬಿಡಬೇಡ ಅಂದಿದ್ದೀರಿ."

"ನೋವು ಬಂದದೆ ಕಣೋ! ನಾನೇ ಹೇಳಿದ್ದು ತಾನೆ? ನಿನ್ನ ದಮ್ಮಯ್ಯ ಅಂತೀನಿ, ಕೈಮುಗೀತೀನಿ, ಸರಿಯೋ!"

"ನೀವೇ ಬೇಡ್ಕೊಂಡ್ರೂ ಬಿಡಬೇಡ ಅಂದಿದ್ದೀರಿ. ಈಗ ಬೇಡ್ಕೊಳ್ತಾನೇ ಇದ್ದೀರಿ!"

ಬೀದಿಯೆಲ್ಲ ಸೇರಿತು. ಎಲ್ಲರೂ ಬೈದೆವು. ನಾನೂ ಬೈದೆ. ಎಲ್ಲರೂ ಬೇಡಿಕೊಂಡೆವು. ನಾಲ್ಕು ಜನ ಹಿಡಿದು ಎಳೆದರು, ಅಕ್ಕಿ ಮೂಟೆ ಎತ್ತೋ ಆಸಾಮಿ, ಕದಲಲಿಲ್ಲ. ಅವನ ಕಣ್ಣಲ್ಲೂ ನೀರು. "ತಂಗಿ ಕಾರಿನ ದಾರಿ ಕಣ್ರೋ, ಕೆಡಿಸಬೇಡ್ರೋ" ಅಂತ ಅವನೇ ಅಳ್ತಾನೆ! ಒಳಗೆ ಗಿರಿಜ ಸೀಟು ಪರಚ್ತಿದ್ದಾಳೆ. ಐದು ನಿಮಿಷ. ಹತ್ತು ನಿಮಿಷ. ಹದಿನೈದು.

ಆಗ ನಿಂಗಾಜಮ್ಮ ಕಾರಿನಿಂದ ಇಳಿದಳು. ಹೊಡೀತಾಳೆ ಅಂದುಕೊಂಡೆವು. ಹೊಡೀಲಿಲ್ಲ. ಮಗನ ಎದುರು ನಿಂತು ಅವನ ಕಣ್ಣೀರು ಸೆರಗಲ್ಲಿ ಒರೆಸಿದಳು. ಇಪ್ಪತ್ತಾರು ವರ್ಷದಲ್ಲಿ ಆ ದನಿ ನಾನು ಕೇಳಿರಲಿಲ್ಲ, ಅಷ್ಟು ಮೆತ್ತಗಿತ್ತು.

"ಮರಿಸ್ವಾಮಿ, ಬೈದ್ರೆ ಬಿಡಬೇಡ ಅಂದ್ರಾ?"

"ಹೂಂ ಅವ್ವ."

"ಬೇಡ್ಕೊಂಡ್ರೂ ಬಿಡಬೇಡ ಅಂದ್ರಾ?"

"ಹೂಂ."

"ನಾನು ಬೈತಿಲ್ಲ ಮಗ. ಬೇಡ್ಕೊಳ್ತಾನೂ ಇಲ್ಲ. ಹೇಳ್ತಿದ್ದೀನಿ. ನಿನ್ನ ತಂಗಿ ಆಸ್ಪತ್ರೆಗೆ ಹೋಗಬೇಕು. ದಾರಿ ಬಿಡು."

ಅವನು ಮೀಸೆ ಕೆರೆದುಕೊಂಡ. ಯೋಚನೆ ಮಾಡಿದ. ಅವನು ಯೋಚನೆ ಮಾಡಿ ಮುಗಿಸೋ ಹೊತ್ತಿಗೆ ನಮ್ಮ ಜೀವ ಬಾಯಿಗೆ ಬಂದಿತ್ತು.

"ಹೇಳಿದ್ರೆ ಸರಿ ಕಣವ್ವ" ಅಂದ. "ಇಷ್ಟೊತ್ತು ಯಾರೂ ಹೇಳ್ಲೇ ಇಲ್ವಲ್ಲ!"

ಸರಿದ!

ನಿಂಗಾಜಮ್ಮ ಓಡಿಹೋಗಿ ಮತ್ತೆ ಕಾರು ಹತ್ತಿದಳು. ಕಾರು ಹಲಗೆಗೆ ಇಳೀತು. ಮಣ್ಣು ಇನ್ನೂ ಹಸಿ. ಮುಂದಿನ ಚಕ್ರ ಅರ್ಧ ದಾರಿಗೆ ಬಂದಿದ್ದೇ ಎಡಗಡೆ ಇಟ್ಟಿಗೆ ಪಚಕ್ ಅಂತ ಜಾರಿತು, ಹಲಗೆ ಓಲಿತು, ಕಾರಿನ ಹೊಟ್ಟೆ ಕಲ್ಲಿನ ಕಡೆ ಬಗ್ಗಿತು. ನಿಂಗಾಜಮ್ಮ ಕಿಟಕಿಯಿಂದ ಕಿರುಚಿದಳು. "ಹಲಗೆ ಹಿಡ್ಕೊಳ್ಳೋ! ಬಿಡಬೇಡ! ಏನಾದ್ರೂ ಬಿಡಬೇಡ!"

ಮರಿಸ್ವಾಮಿ ಧುಮುಕಿದ. ಹಲಗೆ ಅಡಿಗೆ ಭುಜ ಕೊಟ್ಟ, ಎರಡೂ ಕೈಯಲ್ಲಿ ಅಂಚು ಹಿಡಿದ, "ಹೂಂ!" ಅಂತ ಎತ್ತಿದ. ಕುತ್ತಿಗೆಯ ನರ ಹಗ್ಗದ ಹಾಗೆ ಉಬ್ಬಿತು. ಕಾರಿಗೂ ಕಲ್ಲಿಗೂ ಮಧ್ಯ ಒಂದು ಬೆರಳು ಜಾಗ. ಮುಂದಿನ ಚಕ್ರ ಇಳೀತು. ಹಿಂದಿನ ಚಕ್ರ ಇಳೀತು. ಹೊಟ್ಟೆ ತಾಗಲಿಲ್ಲ! ಕಾರು ಬೀದಿಗೆ ಬಿತ್ತು, ಹೊರಟೇಹೋಯ್ತು.

ಡಾಕ್ಟರಮ್ಮ ಗಿರಿಜಳನ್ನ ನೇರ ಆಪರೇಷನ್ ಕೋಣೆಗೇ ಒಯ್ದರು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಆಗ್ತಿರಲಿಲ್ಲ ಅಂದರು. ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಉಳಿದರು. ನಿಂಗಾಜಮ್ಮ ಆಸ್ಪತ್ರೆಯ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತಳಂತೆ.

ಆರನೇ ದಿನ ಮನೆಗೆ ಕಳಿಸಿದರು. ಕಾರು ನಮ್ಮ ಬೀದಿಗೆ ತಿರುಗಿತು. ಆರತಿ ಹಿಡಿದು ಹೆಂಗಸರೆಲ್ಲ ನಿಂತಿದ್ದೆವು. ನಿಂಗಾಜಮ್ಮ ಕಿಟಕಿಯಿಂದ ತಲೆ ಹಾಕಿ ನೋಡಿದಳು. ಗೇಟಿನ ಮುಂದೆ ಒಂದು ಕೊಡೆ. ಕೊಡೆ ಕೆಳಗೆ ಮರಿಸ್ವಾಮಿ. ಎರಡು ಕೈಯಲ್ಲೂ ಹಲಗೆ!

ಹೌದು ಸ್ವಾಮಿ. ಆರು ದಿನ! ಜವರಪ್ಪ ಮಾರನೇ ದಿನವೇ ಬಂದು, ಹೆರಿಗೆ ಆಯ್ತು ಬಿಡ್ಲಾ ಅಂದರು. "ಅವ್ವ ಹೇಳಿಲ್ಲ" ಅಂದ. ಅವರು ಬೈಯೋಕೆ ಬಾಯಿ ತೆರೆದು, ಬೈದರೆ ಇನ್ನೇನು ಮಾಡ್ತಾನೋ ಅಂತ ಹೆದರಿ, ಬಾಯಿ ಮುಚ್ಚಿಕೊಂಡು ಕೊಡೆ ಕಟ್ಟಿ ಹೋದರು. ನಾನೇ ಮುದ್ದೆ ತಂದು ಕೊಡ್ತಿದ್ದೆ, ಒಂದು ಕೈ ಊಟಕ್ಕೆ, ಒಂದು ಕೈ ಹಲಗೆಗೆ. ಉಳಿದದ್ದು ಕೇಳಬೇಡಿ. ಮಣ್ಣು ಎಂದೋ ಕಲ್ಲಾಗಿತ್ತು. ಹಲಗೆ ಹಿಡಿಯೋ ಅಗತ್ಯವೇ ಇರಲಿಲ್ಲ.

ನಿಂಗಾಜಮ್ಮ ಇಳಿದು ಬಂದಳು. ಅವನ ಭುಜದ ಮೇಲೆ ಹಲಗೆ ಅಂಚಿನ ಗೆರೆ ನೀಲಿಗಟ್ಟಿತ್ತು. ಅಂಗೈ ಊದಿತ್ತು. ಕಣ್ಣು ಕೆಂಡವಾಗಿತ್ತು, ನಿದ್ದೆ ಇಲ್ಲದೆ.

"ಅವ್ವ, ಬಿಡಲಾ?"

ಅವಳು ಕರ್ಮವೇ ಅನ್ನಲಿಲ್ಲ, ಹಣೆ ಚಚ್ಚಿಕೊಳ್ಳಲಿಲ್ಲ. ಅವನ ಕೈ ಬೆರಳು ಒಂದೊಂದೇ ಬಿಡಿಸಿದಳು. ಗಿರಿಜಳ ಮಡಿಲಿಂದ ಕೂಸನ್ನ ತಂದು ಅವನ ತೋಳಲ್ಲಿಟ್ಟಳು. "ಹಲಗೆ ಬಿಡು ಮಗ. ಇದನ್ನ ಹಿಡ್ಕೊ, ನಿನ್ನ ಸೊಸೆ. ಬಿಡಬೇಡ" ಅಂದು, ಬಾಣಂತಿಗೆ ನೀರು ಕಾಯಿಸೋಕೆ ಒಳಗೆ ಹೋದಳು.

ಇಷ್ಟಾದ ಮೇಲೂ ಬುದ್ಧಿ ಬಂತಾ ಅಂತ ಕೇಳ್ತೀರಾ? ಕೇಳಿ.

ನಾವು ಹೆಂಗಸರು ಆಗಲೇ ನಡುಮನೆ ತೊಲೆಗೆ ತೊಟ್ಟಿಲು ಕಟ್ಟಿ ಹೂವು ಮುಡಿಸಿದ್ದೆವು. ಒಳ್ಳೇ ಗಳಿಗೆ ಮೀರುತ್ತೆ ಅಂತ ಅವಸರ. "ಕೂಸನ್ನ ತೊಟ್ಟಿಲಿಗೆ ಹಾಕಪ್ಪ ಮರಿಸ್ವಾಮಿ" ಅಂದೆ ನಾನೇ. ಅವನು ನಿಂತ. ಕೂಸು ನೋಡಿದ, ತೊಟ್ಟಿಲು ನೋಡಿದ. ಅವ್ವ ಬಿಡಬೇಡ ಅಂದಿದ್ದಾಳೆ, ನಾವು ತೊಟ್ಟಿಲಿಗೆ ಹಾಕು ಅಂತಿದ್ದೀವಿ. ಇಬ್ಬರ ಮಾತೂ ಮೀರಬಾರದು.

ಕೂಸನ್ನ ಎದೆಗೆ ಒತ್ತಿ ಹಿಡಿದುಕೊಂಡು ತಾನೇ ತೊಟ್ಟಿಲು ಹತ್ತಿದ!

ಹಗ್ಗ ಕಿರ್ ಅಂದಿತು. ತೊಲೆ ಕಿರ್ ಅಂದಿತು. ಅವನ ಕಾಲೆರಡೂ ಹೊರಗೆ ನೇತಾಡ್ತಿದ್ದವು, ತಲೆ ಮೇಲೆ ಮಲ್ಲಿಗೆ ಸರ. ನಿಂಗಾಜಮ್ಮ ನೀರಿನ ಚೊಂಬು ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. 'ಬಿಡು' ಅಂತ ಒಂದು ಮಾತು ಅಂದಿದ್ದರೆ ಮುಗೀತಿತ್ತು. ಬಾಯಿ ತೆರೆದಳು, ನಗು ಬಂತು, ನಗೋಕೆ ಹೋದರೆ ಅಳು ಬಂತು. ಆ ಮಾತು ಬರಲೇ ಇಲ್ಲ.

ಗಳಿಗೆ ಮೀರಬಾರದಲ್ಲ? ನಾವು ಐದು ಜನ ಮುತ್ತೈದೆಯರು ಹಗ್ಗ ಹಿಡಿದೆವು, ಹುರಿ ಮೀಸೆಯ ಗಂಡಸನ್ನ ತೂಗಿದೆವು. ಮಲಗು ಮಲಗು ಅಂತ ಜೋಗುಳ ಹಾಡಿದೆವು. ಕೂಸು ಮಲಗಲಿಲ್ಲ, ಕಣ್ಣರಳಿಸಿ ಮೀಸೆ ನೋಡ್ತಾ ಇತ್ತು. ಮಲಗು ಅಂತ ಹೇಳಿದ ಮೇಲೆ ಮರಿಸ್ವಾಮಿ ಮಲಗದೇ ಇರ್ತಾನಾ? ಎರಡನೇ ಸಾಲಿಗೇ ಗೊರಕೆ ಹೊಡೆದ. ಕೈ ಮಾತ್ರ ಸಡಿಲ ಮಾಡಲಿಲ್ಲ.